ಮುಳುಗಿದ ಹೊಲದ ದಿಬ್ಬ

ನಮ್ಮ ಕಾಕಾನ ಹೊಲ ಕೆರೆಯ ಕೆಳಗಿದೆ ಎಂದರೆ, ಏರಿಯ ಆಚೆ ಕಾಲುವೆ ನೀರು ಹಾಯುವ ಕಡೆ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಹೊಲ ನೀರಿನೊಳಗಿದೆ.

ಧಾರವಾಡದ ಹೊರಗಿನ ಕೆರೆ ಅದು. ಕೆಲಗೇರಿಯದಲ್ಲ ಎಂದಷ್ಟೇ ಹೇಳುತ್ತೇನೆ. ಹೆಸರು ಬರೆದರೆ ಭಾನುವಾರ ಜನ ಕ್ಯಾಮೆರಾ ಹಿಡಿದು ಹೊರಡುತ್ತಾರೆ. ನಾನು ಸಾಲೆಗೆ ಹೋಗುವ ಮೊದಲೋ ಹೋಗತೊಡಗಿದ ಮೇಲೋ ಅದರ ಏರಿಯನ್ನು ಎತ್ತರಿಸಿದರು. ನೀರು ಹಿಂದಕ್ಕೆ ಹರಡಿ ಕಾಕಾನ ಹೊಲದಲ್ಲಿ ನಿಂತಿತು. ಕಾಕಾ ಮತ್ತು ಚಿಗವ್ವ ಸತ್ತೂರಿಗೆ ಬಂದು ಮನೆ ಮಾಡಿದರು. ಹೊಲದ ನಡುವಿನ ದಿಬ್ಬವೊಂದೇ ನೀರಿನ ಮೇಲೆ ಉಳಿಯಿತು. ರಾಶಿ ಮಾಡುವ ಕಣದಷ್ಟು ಅಗಲ, ಅದರ ಮೇಲೊಂದು ಹಳೆಯ ಬನ್ನಿಗಿಡ. ಆಮೇಲೆ ಸುತ್ತ ಜಾಲಿಗಿಡಗಳು ತಾವೇ ಹುಟ್ಟಿಕೊಂಡವು. ಅಲ್ಲಿ ಯಾರ ಮನೆಯೂ ಇಲ್ಲ, ಯಾವತ್ತೂ ಇರಲಿಲ್ಲ.

ಆ ಹೊಲದ ಬಗ್ಗೆ ನನಗೆ ಇರುವ ನೆನಪು ಒಂದೇ. ಹಸಿ ಕಡಲೆ ಗಿಡ ಕಿತ್ತು ತಿನ್ನುತ್ತ ನಿಂತಿದ್ದೇನೆ, ಎಲೆಯ ಹುಳಿ ಬೆರಳಿಗೆ ಅಂಟಿದೆ. ಇದನ್ನು ಒಮ್ಮೆ ಚಿಗವ್ವನ ಮುಂದೆ ಹೇಳಿದೆ.

"ಆ ಹೊಲದಾಗ ನಾವು ಎಂದೂ ಕಡ್ಲಿ ಹಾಕಿಲ್ಲ. ಬಿಳಿಜ್ವಾಳ, ಹತ್ತಿ, ಇಷ್ಟ. ನೀ ಕಡ್ಲಿ ತಿಂದಿದ್ದು ನಿಮ್ಮವ್ವನ ತವರಮನ್ಯಾಗ."

ಹಾಗಾಗಿ ಹುಳಿ ಮಾತ್ರ ನನ್ನದು, ಹೊಲ ಬೇರೆ ಯಾರದೋ. ಮುಂದೆ ಬರೆಯುವುದನ್ನೂ ಓದುವವರು ಇಷ್ಟೇ ನಂಬಿದರೆ ಸಾಕು.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಹಿಂಗಾರಿನ ಬೆಳೆ ತೆನೆ ಹಿಡಿಯುವ ಹೊತ್ತು ಅದು. ಭೂಮಿ ಬಸುರಿ, ಅವಳ ಬಯಕೆಗೆ ಅಡುಗೆ ಆಗಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ, ಎಲ್ಲದರಿಂದ ಒಂದಿಷ್ಟು ತೆಗೆದು ಕಲಸುತ್ತಾರೆ. ಅದನ್ನು ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ಸುತ್ತ ಚೆಲ್ಲುತ್ತ ನಡೆದರೆ, ಹಿಂದೆ ಇನ್ನೊಬ್ಬರು "ಸುರಾಂಬ್ಲಿಗೋ" ಎಂದು ನೀರು ಚಿಮುಕಿಸುತ್ತ ಬರುತ್ತಾರೆ. ಚೆಲ್ಲಿದ್ದು ಹಕ್ಕಿಗೆ, ಇಲಿಗೆ, ಇರುವೆಗೆ. ಹೊಲ ಹೋದವರು ಈ ಪದ್ಧತಿ ಬಿಡುತ್ತಾರೆ. ಕಾಕಾ ಮತ್ತು ಚಿಗವ್ವ ಬಿಡಲಿಲ್ಲ. ಪ್ರತಿವರ್ಷ ತೆಪ್ಪದಲ್ಲಿ ಕೂತು ಹೋಗಿ ಮುಳುಗಿದ ಹೊಲಕ್ಕೆ ಚರಗ ಚೆಲ್ಲಿ ಬರುತ್ತಿದ್ದರು. ಕಾಕಾ ತೀರಿಕೊಂಡ ಮೇಲೆ ಚೆಲ್ಲುವವಳು ಚಿಗವ್ವ, ನೀರಿನ ತಂಬಿಗೆ ಹಿಡಿದವನು ನಾನು. ಸುತ್ತಲೂ ನೀರೇ ಇರುವಲ್ಲಿ ತಂಬಿಗೆಯ ನೀರು ಚಿಮುಕಿಸಲು ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು.

ತೆಪ್ಪ ಅಲ್ಲಿ ಮೀನು ಹಿಡಿಯುವವನದು. ಬುಟ್ಟಿಯಂತೆ ದುಂಡಗಿನದು, ಕೂತರೆ ತಾನೇ ಅರ್ಧ ಸುತ್ತು ತಿರುಗುತ್ತದೆ.

"ಅವ್ವಾರ, ಇಡೀ ತಾಲೂಕಿನಾಗ ನಿಮ್ಮ ಹೊಲಕ್ಕೊಂದ ನೀರಿನ ಚಿಂತಿ ಇಲ್ಲ ನೋಡ್ರಿ."

"ಚಿಂತಿ ಇಲ್ಲೋ ಮಾರಾಯಾ. ಪೀಕೆಲ್ಲಾ ನೀ ಬಲಿ ಹಾಕಿ ತಗೊಂಡು ಹೊಕ್ಕಿ. ನನ್ನ ಪಾಲು ಎಲ್ಲಿ?"

"ಪಾಲು ಕೊಡತೇನ್ರಿ, ನೀವು ತಿನ್ನೋರ ಅಲ್ಲ. ಲಿಂಗಾ ಕಟ್ಟಿದವ್ರ ಕೈಯಾಗ ಮೀನ ಕೊಟ್ಟು ನಾ ಎಲ್ಲಿ ಹೋಗ್ಲಿ?"

ಚರಗ ಹೊಲದ ನಾಲ್ಕೂ ಮೂಲೆ ಮುಟ್ಟಬೇಕು. ಮೂಲೆಗಳು ನೀರಿನ ತಳದಲ್ಲಿದ್ದವು. ಎಲ್ಲಿ ಎಂಬುದು ಚಿಗವ್ವನಿಗೆ ಮಾತ್ರ ಗೊತ್ತಿತ್ತು. ಒಂದು ಕೈ ಹುಬ್ಬಿನ ಮೇಲಿಟ್ಟು ಬನ್ನಿಗಿಡ ನೋಡುವಳು, ಏರಿ ನೋಡುವಳು.

"ಇಲ್ಲೇ ಬದು ಐತಿ. ನಿಲ್ಲಸು."

"ಹೋದ ವರ್ಷ ಆಕಡೆ ಅಂದಿದ್ರಿ, ಅವ್ವಾರ."

"ಹೋದ ವರ್ಷ ನಿನ್ನ ತೆಪ್ಪ ಸೊಟ್ಟ ನಿಂತಿತ್ತು."

ಅವಳು ಚೆಲ್ಲಿದ ಅನ್ನ ನೀರಿನ ಮೇಲೆ ಬಿಳಿಯಾಗಿ ಹರಡಿ ಇಳಿಯುತ್ತಿತ್ತು. ಕಡಬಿನ ತುಣುಕಿಗೆ ಮೀನುಗಳು ದುಂಡು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಹಸಿರು ನೀರಿನೊಳಗೆ ಪಾಚಿಯ ಎಳೆಗಳು ಜೋಳದ ಬೆಳೆಯಂತೆ ಒಂದೇ ಕಡೆ ಬಾಗಿರುತ್ತಿದ್ದವು. ಇಲ್ಲ, ಜೋಳದ ಬೆಳೆಯಂತೆ ಎಂದು ನನಗೆ ಆಗ ಅನ್ನಿಸಿರಲಾರದು. ಈಗ ಬರೆಯುವಾಗ ಸೇರಿಕೊಂಡಿತು. ಆಗ ಕಂಡದ್ದು ಪಾಚಿಯೇ. ಗುಳುಮುಳುಕ ಹಕ್ಕಿಯೊಂದು ತೆಪ್ಪದ ಮುಂದೆ ಮುಳುಗಿ ಹಿಂದೆ ಏಳುತ್ತಿತ್ತು. ದಿಬ್ಬದ ದಂಡೆಯ ಕಲ್ಲುಗಳ ಮೇಲೆ ಆಮೆಗಳು ಬಿಸಿಲಿಗೆ ಕೂತಿದ್ದು, ನಾವು ಹತ್ತಿರವಾದಂತೆ ಒಂದೊಂದಾಗಿ ನೀರಿಗೆ ಜಾರುತ್ತಿದ್ದವು. ಕೊನೆಗೆ ದಿಬ್ಬಕ್ಕೆ ಇಳಿದು, ಬನ್ನಿಗಿಡ ಸುತ್ತಿ, ಅಲ್ಲೇ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದೆವು. ಚಿಗವ್ವ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಒಂದಿಷ್ಟು ಹೊತ್ತು ಕೂಡುವಳು. ಆ ಹೊಲದಲ್ಲಿ ಅವಳು ಕಾಲಿಡಬಹುದಾದ ನೆಲ ಅಷ್ಟೇ ಉಳಿದಿತ್ತು.

ಜಾಲಿಗಿಡಗಳು ಬೆಳೆದಂತೆ ಹಕ್ಕಿಗಳು ಬಂದವು. ಮೊದಲು ಬೆಳ್ಳಕ್ಕಿ, ಆಮೇಲೆ ನೀರುಕಾಗೆ, ಕೆಂಬರಲು. ನೀರು ಸುತ್ತ ಇದ್ದದ್ದರಿಂದ ನಾಯಿ, ಬೆಕ್ಕು, ಹುಡುಗರ ಕವಣೆ ಯಾವುದೂ ಅವನ್ನು ಮುಟ್ಟುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ದೂರದಿಂದ ನೋಡಿದರೆ ಗಿಡಗಳ ಮೇಲೆ ಯಾರೋ ಧೋತರ ಒಣಹಾಕಿದಂತೆ ಕಾಣತೊಡಗಿತು. ಗಾಳಿ ಈಕಡೆ ಬೀಸಿದರೆ ಹಿಕ್ಕೆಯ ನಾತ ಏರಿಯವರೆಗೆ ಬರುತ್ತಿತ್ತು. ಮೂಗು ಮುಚ್ಚಿಕೊಂಡೇ ಚಿಗವ್ವ ಹೆಮ್ಮೆಪಡುತ್ತಿದ್ದಳು.

"ಈ ವರ್ಷ ಹೊಲ ಛಲೋ ಬಂದೈತಿ ನೋಡು."

ಎರಡು ವರ್ಷಗಳ ಹಿಂದಿನ ಎಳ್ಳಮಾವಾಸ್ಯೆಯಂದು ಏರಿಯ ಮೇಲೆ ಒಬ್ಬಳು ದುರ್ಬೀನು ಹಿಡಿದು ನಿಂತಿದ್ದಳು. ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ರಜೆಯಲ್ಲಿ ಹಕ್ಕಿ ನೋಡುತ್ತಾಳೆ. ನಮ್ಮ ಚರಗದ ಬುಟ್ಟಿ ಕಂಡು ಹತ್ತಿರ ಬಂದಳು.

"ಅಮ್ಮಾ, ಸಿಟ್ಟಿಗೇಳಬ್ಯಾಡ್ರಿ. ಈ ವರ್ಷ ದಿಬ್ಬದ ಮ್ಯಾಲೆ ಇಳೀಬ್ಯಾಡ್ರಿ. ಗೂಡಿನಾಗ ಸಣ್ಣ ಮರಿ ಅದಾವ. ನೀವು ಇಳದ್ರ ತಾಯಿ ಎದ್ದು ಹೊಕ್ಕಾವ."

"ಚರಗಾ ಯಾರಿಗೆ ಚೆಲ್ಲೂದ, ತಂಗಿ? ಹಕ್ಕಿಗೆ. ಹಕ್ಕಿಗೆ ಉಣ್ಣಾಕ ಒಯ್ಯಾಕಿನ್ನ ಕಂಡು ಹಕ್ಕಿ ಅಂಜತಾವಂತ ಹೇಳ್ತಿಯಲ್ಲ."

"ಬಾಣಂತಿ ಮನಿ ಇದ್ದಂಗ್ರಿ ಅದು. ಬಾಗಲದಾಗ ಕೊಟ್ಟು ಬರಬೇಕು, ಒಳಗ ಹೋಗಿ ಕುಂಡ್ರಬಾರದು."

"ಬಾಣಂತಿ ಇರೂದು ನನ್ನ ಹೊಲದಾಗ. ನಾ ಏನ್ ಬಾಡಿಗಿ ಕೇಳೀನಿ?"

ತೆಪ್ಪದವನು ನಕ್ಕ. ದುರ್ಬೀನಿನವಳೂ ನಕ್ಕಳು, ಆದರೆ ದಾರಿ ಬಿಡುವಾಗ ಮುಖ ಸಣ್ಣದಾಗಿತ್ತು. ಚಿಗವ್ವ ಅವಳ ಕೈಯಲ್ಲಿ ಒಂದು ಶೇಂಗಾ ಹೋಳಿಗೆ ಇಟ್ಟು ತೆಪ್ಪ ಹತ್ತಿದಳು.

ನಾವು ಇಳಿದ ಕೂಡಲೇ ಹಕ್ಕಿಗಳು ಒಟ್ಟಿಗೆ ಎದ್ದವು. ಹಿಂದಿನ ವರ್ಷಗಳಲ್ಲೂ ಹೀಗೇ ಏಳುತ್ತಿದ್ದವು, ನಾವು ಅದನ್ನು ಸ್ವಾಗತವೆಂದು ತಿಳಿದಿದ್ದೆವು. ನೆಲದ ಮೇಲೆ ನೆರಳು ಓಡಾಡಿತು. ಚಿಗವ್ವ "ಹುಲ್ಲುಲ್ಲಿಗೋ" ಎಂದು ಚೆಲ್ಲುತ್ತ ಹೊರಟಳು, ನಾನು ತಂಬಿಗೆ ಹಿಡಿದು ಹಿಂದೆ. ಆಗ ಕಾಗೆಗಳು ಬಂದವು. ಅವೂ ಪ್ರತಿವರ್ಷ ಬರುತ್ತಿದ್ದವು. ಆ ದಿನ ಅಲ್ಲಿ ಊಟವಿರುತ್ತದೆಂದು ಅವಕ್ಕೆ ನಾವೇ ಕಲಿಸಿದ್ದೆವು. ನೆಲಕ್ಕಿಳಿದು ಒಂದೆರಡು ತುತ್ತು ಕುಕ್ಕಿದವು. ಮೇಲೆ ನೋಡಿದವು. ಗೂಡುಗಳ ಮೇಲೆ ಯಾರೂ ಇರಲಿಲ್ಲ.

ಆಮೇಲಿನದು ಬೇಗ ನಡೆಯಿತು. ಒಂದು ಕಾಗೆ ತತ್ತಿ ಕಚ್ಚಿಕೊಂಡು ಹೋಯಿತು, ಇನ್ನೊಂದು ಗೂಡಿನಂಚಿಗೆ ನಿಂತು ಒಳಗೆ ಬಗ್ಗಿತು. ರೆಕ್ಕೆ ಬಲಿಯದ ಮರಿಯೊಂದು ಚಿಗವ್ವನ ಕಾಲ ಹತ್ತಿರ ಬಿತ್ತು. ಎಡೆಯ ಅನ್ನಕ್ಕೆ ಕಾಗೆ ಬಂದರೆ ಹಿರಿಯರು ಬಂದರು ಎಂದು ಕೈ ಮುಗಿಯುವವಳು ಚಿಗವ್ವ. ಅವಳು ಕಾಗೆ ಓಡಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸೆರಗು ಬೀಸಿದಳು, ಬುಟ್ಟಿಯ ಮುಚ್ಚಳ ಎಸೆದಳು, ಕೂಗಿದಳು. ಕಾಗೆಗಳು ಒಂದು ಗಿಡದಿಂದ ಇನ್ನೊಂದಕ್ಕೆ ಹೋದವು, ಅಷ್ಟೇ. ತಾಯಿಹಕ್ಕಿಗಳು ಮೇಲೆ ಸುತ್ತುತ್ತಲೇ ಇದ್ದವು, ಇಳಿಯಲಿಲ್ಲ.

"ಅವ್ವಾರ, ಹೋಗೂನು ಬರ್ರಿ. ನಾವು ಇರೂತನಕ ಅವು ಇಳಿಯಂಗಿಲ್ಲ," ಎಂದ ತೆಪ್ಪದವನು.

"ಇವನ್ನ ಹಿಂಗ ಬಿಟ್ಟು ಹೆಂಗ ಬರ್ಲೋ? ತಿಂದ ಹಾಕ್ತಾವ!"

ಕಾಯಲು ನಿಂತಷ್ಟೂ ಕೆಡುತ್ತಿತ್ತು. ಅದು ಅವಳಿಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಕೆಳಗೆ ಬಿದ್ದ ಮರಿಯನ್ನು ಅವಳು ಎತ್ತಿ ಗೂಡಿಗಿಟ್ಟಳೆಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಅವಳು ತುದಿಗಾಲ ಮೇಲೆ ನಿಂತದ್ದು, ಅಂಗೈಯಲ್ಲಿ ಮರಿಯ ಕೊಕ್ಕು ಆಡಿದ್ದು, ಎಲ್ಲ ನನಗೆ ಕಾಣುತ್ತದೆ. ಅವಳನ್ನು ಕೇಳಿದರೆ, "ನಾ ಮುಟ್ಟಲೇ ಇಲ್ಲ. ಅದು ಅಲ್ಲೇ ಬಿದ್ದಿತ್ತು, ನಾವು ತೆಪ್ಪಾ ಹತ್ತಿದಿವಿ," ಎನ್ನುತ್ತಾಳೆ. ಅವಳ ಮಾತೇ ಖರೆ ಇರಬೇಕು. ನನ್ನ ನೆನಪಿನಲ್ಲಿ ಎಲ್ಲವೂ ಸ್ವಲ್ಪ ಒಳ್ಳೆಯದಾಗಿ ಮುಗಿಯುತ್ತದೆ.

ಮರುವರ್ಷ ಎಳ್ಳಮಾವಾಸ್ಯೆಗೆ ವಾರವಿರುವಾಗಲೇ ಅವಳು ಹೇಳಿದಳು: ದಿಬ್ಬಕ್ಕೆ ಇಳಿಯುವುದಿಲ್ಲ, ಕೆರೆಯ ದಂಡೆಯಲ್ಲೇ ಚೆಲ್ಲಿ ಬರೋಣ. ಎಷ್ಟೋ ವರ್ಷಗಳಿಂದ ಕಾಲಿಡುತ್ತ ಬಂದ ನೆಲವನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟೇ ಹೊರಟಿದ್ದಳು. ಏರಿ ಹತ್ತಿ ನೋಡಿದರೆ ಜಾಲಿಗಿಡಗಳು ಹಸಿರಾಗಿದ್ದವು. ಬಿಳಿ ಒಂದು ಚುಕ್ಕೆಯೂ ಇರಲಿಲ್ಲ.

ದುರ್ಬೀನಿನವಳು ಅಲ್ಲೇ ಇದ್ದಳು. "ನಿಮ್ಮಿಂದನ ಹೋದೂ ಅಂತ ಹೇಳಾಕ ಬರೂದಿಲ್ರಿ ಅಮ್ಮಾ. ಮಳಿ ಕಡಿಮಿ ಆತು, ನೀರು ಇಳೀತು. ಮೀನಿನ ಬಲಿ ಭಾಳ ಬಿದ್ದಾವ. ಅಂತರಗಂಗಿ ಬಳ್ಳಿ ಬೇರೆ ಹಬ್ಬೇತಿ."

"ನನ್ನ ಸಮಾಧಾನಕ್ಕ ಹೇಳಾಕತ್ತಿ."

"ಇಲ್ರಿ, ಖರೇನ ನನಗ ಗೊತ್ತಿಲ್ಲ."

ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಚಿಗವ್ವನಿಗೆ ಮಾತ್ರ ಸಂಶಯವಿರಲಿಲ್ಲ. ದಂಡೆಯ ಕೆಸರಿನಲ್ಲಿ ನಿಂತು, ಕೂಗದೆ, ಚರಗ ಚೆಲ್ಲಿದಳು. ನಾವು ಬೆನ್ನು ತಿರುಗಿಸುವ ಮೊದಲೇ ಅದನ್ನು ಬೀದಿನಾಯಿಗಳು ತಿಂದವು.

ಈ ವರ್ಷ ಎಲ್ಲರೂ ಅವಳಿಗೆ ಹೋಗೆಂದೇ ಹೇಳಿದರು. ದುರ್ಬೀನಿನವಳು ಫೋನ್ ಮಾಡಿ, ಗೂಡಿಲ್ಲ, ಈಗ ಇಳಿದರೆ ಯಾರಿಗೂ ತೊಂದರೆ ಇಲ್ಲ ಎಂದಳು. ತೆಪ್ಪದವನು, "ಬರ್ರಿ ಅವ್ವಾರ, ನಿಮ್ಮ ಹೊಲಾ ನಿಮಗ ತಿರುಗಿ ಸಿಕ್ಕಂಗ ಆತು," ಎಂದ. ಅವಳು ಬೆಳಿಗ್ಗೆ ಎದ್ದು ಎಲ್ಲ ಅಡುಗೆ ಮಾಡಿದಳು. ಸ್ಕೂಟರಿನಲ್ಲಿ ಬುಟ್ಟಿ ನನ್ನ ಕಾಲ ನಡುವೆ, ಅವಳು ಹಿಂದೆ.

ತೆಪ್ಪ ದಿಬ್ಬಕ್ಕೆ ತಾಗಿದ ಮೇಲೆ ಅವಳು ಏಳಲಿಲ್ಲ. ಮೂಲೆಗಳ ಮಾತನ್ನೂ ಎತ್ತಿರಲಿಲ್ಲ.

"ನೀ ಇಳದು ನೋಡಿ ಬಾ. ಹೊಸಾ ಹಿಕ್ಕಿ ಏನರ ಬಿದ್ದೇತೇನು?"

ಇಳಿದು ನೋಡಿದೆ. ಕಲ್ಲುಗಳ ಮೇಲಿನ ಬಿಳಿ ಹಿಕ್ಕೆ ಒಣಗಿ ಚಕ್ಕೆ ಎದ್ದಿತ್ತು. ಹಳೆಯ ಗೂಡುಗಳ ಕಡ್ಡಿಗಳು ಕೊಂಬೆಯಲ್ಲಿ ಸಿಕ್ಕಿಕೊಂಡಿದ್ದವು. ದಂಡೆಯ ಕಲ್ಲುಗಳ ಮೇಲೆ ಆಮೆಗಳೂ ಇರಲಿಲ್ಲ, ಇದ್ದು ನಾನು ನೋಡಲಿಲ್ಲವೋ. ಬನ್ನಿಗಿಡದ ತುದಿಯಲ್ಲಿ ಒಂದು ಕಾಗೆ ಕೂತಿತ್ತು.

"ಏನೂ ಇಲ್ಲ. ಒಂದ ಕಾಗಿ ಐತಿ."

"ಬಂತಲ್ಲ, ಕಾಕಾರ ಬಂದಾರ ಅಂತ ತಿಳೀರಿ. ಚೆಲ್ಲರಿ ಅವ್ವಾರ," ಎಂದ ತೆಪ್ಪದವನು, ಅವಳನ್ನು ನಗಿಸಲೆಂದು.

ಅವಳು ಕಾಗೆಯನ್ನು ಬಹಳ ಹೊತ್ತು ನೋಡಿದಳು. ಕೈಯಲ್ಲಿ ಕಲಸಿದ ತುತ್ತು ಇತ್ತು. "ಇವ್ರಿಗೆ ನೀಡಬಾರದು ಅನ್ನಾಕ ನನಗ ಬಾಯಿ ಬರೂದಿಲ್ಲ. ನೀಡಾಕ ಕೈನೂ ಏಳವಲ್ದು," ಎಂದಳು. ಆ ತುತ್ತನ್ನು ತಿರುಗಿ ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು. "ತಿರಗಸಪಾ, ಹೋಗೂನು."

ಚರಗದ ಬುಟ್ಟಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂದದ್ದನ್ನು ನಾನು ಅಂದೇ ಮೊದಲು ಕಂಡೆ. ಅದನ್ನು ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಸಂಜೆ ಎರಡು ತಾಟು ಇಟ್ಟು, ಭೂಮಿಗೆಂದು ಕಲಸಿದ್ದನ್ನು ನನಗೂ ತನಗೂ ನೀಡಿದಳು. ತಣ್ಣಗಾಗಿ ಹುಳಿಯಾಗಿತ್ತು. ತಿಂದೆವು.

"ಮಳಿಗಾಲ ಮುಗದ ಮ್ಯಾಲೆ ಏರಿ ಮ್ಯಾಲೆ ಹೋಗಿ ಒಮ್ಮಿ ನೋಡಿ ಬಾ," ಎಂದಳು ಕೈ ತೊಳೆಯುತ್ತ. "ಹಕ್ಕಿ ಬಂದಿದ್ರ ನಾವು ಹೋಗೂದು ಬ್ಯಾಡ."

"ಬರದಿದ್ರ?"

"ಬರದಿದ್ರೂ ಬ್ಯಾಡ."