ಹಾಡಿನಡಿಯ ಕೊಲಂಬೊ

ಆಕಾಶದಲ್ಲಿ ಎಲ್ಲರಿಗೂ ಜಾಗವಿದೆ ಎಂದು ವಾದಿಸುವವರನ್ನು ಆಗ ನಮ್ಮ ಮನೆಯ ಮಾಳಿಗೆಗೆ ಕರೆದು ಕೂರಿಸಬೇಕಿತ್ತು. ರೇಡಿಯೋ ತರಂಗಗಳಲ್ಲಿ ನಲವತ್ತು ಮೀಟರಿನ ಪಟ್ಟಿ ನಮ್ಮಂಥ ಹವ್ಯಾಸಿ ರೇಡಿಯೋದವರದು. ಆದರೆ ಭಾನುವಾರ ಸಂಜೆ ನನ್ನ ಗೆಳೆಯ ಕೊಲಂಬೊದಿಂದ ಕರೆಯುವ ಜಾಗದಲ್ಲೇ ಯಾವುದೋ ಬಾನುಲಿ ನಿಲ್ದಾಣ ಪಿಟೀಲು ಬಾರಿಸುತ್ತ ಕೂತುಬಿಟ್ಟಿತ್ತು.

ಗೆಳೆಯ ಕಾಲೇಜಿನ ಚರ್ಚಾಕೂಟದಲ್ಲಿ ನನ್ನ ಎದುರಾಳಿ. ಅವನು ಕೊಲಂಬೊದ ರೇಡಿಯೋ ರಿಪೇರಿ ಅಂಗಡಿ ಸೇರಿದ ಮೇಲೆ ನಮ್ಮ ಜಗಳವೆಲ್ಲ ಮೋರ್ಸ್ ಸಂಕೇತದ ಟಿಕ್ ಟಿಕ್‌ನಲ್ಲಿ ನಡೆಯುತ್ತಿತ್ತು. ಕಾಗದ ಬರೆಯಲು ಅವನು ಮಹಾ ಸೋಮಾರಿ. ಹಾಗಾಗಿ, ನಾನೂ ಅಮ್ಮ ಎಂದೇ ಕರೆಯುತ್ತಿದ್ದ ಅವನ ತಾಯಿ ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ಬಂದು ನನ್ನ ಪಕ್ಕ ಕೂರುತ್ತಿದ್ದರು. ಅಲ್ಲಿ ಕುಚ್ಚಲಕ್ಕಿ ಉಂಟಾ, ಒಳ್ಳೆ ಮೀನು ಉಂಟಾ ಎಂದು ಅವರು ಕೇಳಿದ್ದನ್ನು ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಬಡಿಯುತ್ತಿದ್ದೆ. ಅವನ ಉತ್ತರ ಯಾವಾಗಲೂ “ಉಂಟು”. ಆ ಒಂದು ಪದದ ಟಿಕ್ ಟಿಕ್ ಅವರಿಗೆ ಬಾಯಿಪಾಠವಾಗಿತ್ತು. ನಾನು ಬಿಡಿಸಿ ಹೇಳುವ ಮೊದಲೇ ನಗುತ್ತಿದ್ದರು. ಪಿಟೀಲು ಬಂದು ಆ ಟಿಕ್ ಟಿಕ್ ಮುಚ್ಚಿಹೋದ ಮೇಲೆ ನಗು ನಿಂತಿತು.

“ಅವನು ಅಡಿಯಲ್ಲಿದ್ದಾನೆ ಮಗಾ. ಈ ಪಿಟೀಲು ಪದ್ಯದವರಿಗೆ ಸ್ವಲ್ಪ ಆಚೆ ಹೋಗ್ಲಿಕ್ಕೆ ಹೇಳು.”

“ಅವರು ಯಾರು ಅಂತ ಗೊತ್ತಾಗ್ಬೇಕಲ್ಲ ಅಮ್ಮ?”

“ಇಷ್ಟು ಓದಿ ಎಂತ ಮಾಡಿದ್ದು ಮಾರಾಯ!”

ಮೊದಲು ಕೇಳಬೇಕಾದ ಪ್ರಶ್ನೆ: ಆರೋಪಿಯಾದ ನಿಲ್ದಾಣ ನಿಜವಾಗಿ ಆ ಜಾಗದಲ್ಲಿದೆಯೇ? ನನ್ನ ಹಳೆಯ ಒಂದೇ ವಾಲ್ವಿನ ರೇಡಿಯೋ ಪೆಟ್ಟಿಗೆಯನ್ನು ಅದೇ ಏರಿಯಲ್ ತಂತಿಗೆ ಕಟ್ಟಿ ಅದೇ ಜಾಗಕ್ಕೆ ತಿರುಗಿಸಿದೆ. ಗೆಳೆಯನ ಸಣ್ಣ ಸದ್ದು ಅದಕ್ಕೆ ಕೇಳದು, ಆದರೆ ಅಷ್ಟು ಜೋರಿನ ಪಿಟೀಲು ಕೇಳಲೇಬೇಕು. ಕೇಳಲಿಲ್ಲ. ಅಂದರೆ ನಿಲ್ದಾಣ ತನ್ನ ಜಾಗದಲ್ಲೇ ಮರ್ಯಾದೆಯಿಂದ ಇತ್ತು. ಅದರ ನೆರಳನ್ನು ನಮ್ಮ ಪಟ್ಟಿಗೆ ತಂದು ಹಾಕುತ್ತಿದ್ದದ್ದು ನಾನು ಹೆಮ್ಮೆಯಿಂದ ಕಟ್ಟಿದ ಹೊಸ ಪೆಟ್ಟಿಗೆಯೇ. ಬೇಡದ ನಿಲ್ದಾಣವನ್ನು ತಡೆಯಲು ಅದರ ಮುಂದೆ ಇನ್ನೊಂದು ತಂತಿಸುರುಳಿ, ಒಂದು ಕಂಡೆನ್ಸರ್ ಸೇರಿಸಿ ತಿರುಗಿಸಿದೆ. ಪಿಟೀಲು ಮುಳುಗಿಹೋಯಿತು.

ಆ ಭಾನುವಾರ ಅಮ್ಮ ಹೊಸ ಸೀರೆ ಉಟ್ಟು ಬಂದರು. ಕೊಲಂಬೊವನ್ನು ಕರೆದೆ. ಕಾದೆ. ಮತ್ತೆ ಕರೆದೆ. ಸಣ್ಣಗೆ ಟಿಕ್ ಟಿಕ್ ಕೇಳಿದ್ದೇ ಅವರು ನನ್ನ ತೋಳು ಹಿಡಿದುಕೊಂಡರು.

“ಅವನಾ?”

“ಅಲ್ಲ. ಮದರಾಸಿನ ಒಬ್ಬರು.”

ಮದರಾಸು ಕೇಳುತ್ತದೆಂದರೆ ಪೆಟ್ಟಿಗೆ ಕಿವುಡಲ್ಲ. ಏರಿಯಲ್ಲೂ ಸರಿಯಿದೆ. ಒಂದೊಂದೇ ಕಾರಣವನ್ನು ನಾನೇ ಖಂಡಿಸುತ್ತ ಹೋದೆ. ಕೊನೆಗೆ ಅವನು ಕರೆಯುತ್ತಿಲ್ಲ ಎಂಬುದೊಂದೇ ಉಳಿಯಿತು. ಅಮ್ಮ ನನ್ನ ಮುಖ ನೋಡುತ್ತಿದ್ದರು.

“ಆ ಪದ್ಯವನ್ನೇ ವಾಪಸು ತರ್ಲಿಕ್ಕೆ ಆಗ್ತದಾ ಮಗಾ?”

“ಯಾಕಮ್ಮ?”

“ಅದು ಇರುವಾಗ ಅಡಿಯಲ್ಲಿ ಅವನಿದ್ದ.”

ಬೇರೆ ಯಾರು ಹೇಳಿದ್ದರೂ ಇದಕ್ಕೆ ಆಧಾರವೇನೆಂದು ಕೇಳುತ್ತಿದ್ದೆ. ಹೊಸ ಸುರುಳಿಯ ತಂತಿ ಬಿಚ್ಚಿ ಏರಿಯಲ್ಲನ್ನು ಮೊದಲಿನಂತೆ ಸಿಕ್ಕಿಸಿದೆ. ಪಿಟೀಲು ಮೇಲೆದ್ದು ಬಂತು. ಕತ್ತಲಾಗುವ ಮೊದಲು ದೋಣಿ ಹಿಡಿಯಬೇಕಿದ್ದ ಅಮ್ಮ, ಪೆಟ್ಟಿಗೆಯ ಹತ್ತಿರಕ್ಕೆ ಸರಿದು ಕೂತರು. ನಾನೂ ಕಿವಿಗೊಟ್ಟೆ, ಹಾಡಿಗಲ್ಲ.