ಹನ್ನೊಂದು ಸುತ್ತು ಉಳಿದಿತ್ತು

ಪ್ರದಕ್ಷಿಣೆಯ ನಡುವೆ ಮಾತನಾಡಬಾರದೆಂಬುದನ್ನು ನಾನು ಕಲಿತದ್ದು ಶ್ರೀರಂಗಪಟ್ಟಣದಲ್ಲಿ, ನನಗೆ ಸಂಸ್ಕೃತ ಹೇಳಿಕೊಟ್ಟ ಗುರುಗಳಿಂದ. ಒಂದು ಬೆಳಿಗ್ಗೆ ಅವರು ಹೊಳೆಯ ದಡದ ಅಶ್ವತ್ಥಕ್ಕೆ ಸುತ್ತು ಬರುತ್ತಿದ್ದಾಗ ಅವರ ಮನೆಯ ಹಸು ಹಗ್ಗ ಕಿತ್ತುಕೊಂಡು ಓಡಿತು. ನೆರೆಯಾಕೆ ಓಡಿ ಬಂದು, "ಸ್ವಾಮೀ, ಹಸ ಓಯ್ತು, ಹಸ!" ಎಂದು ಕೂಗಿದಳು. ಗುರುಗಳು ತಲೆಯೆತ್ತಲಿಲ್ಲ. ಉಳಿದ ಸುತ್ತುಗಳನ್ನು ಮುಗಿಸಿ, ಮರಕ್ಕೆ ನಮಸ್ಕರಿಸಿ, ಉತ್ತರೀಯ ಸರಿಪಡಿಸಿಕೊಂಡು, ಆಮೇಲೆ "ಯಾವ ಕಡೆಗಮ್ಮಾ?" ಎಂದರು. ಹಸು ಸಂಜೆಗೆ ಪಕ್ಕದ ಗಂಜಾಮಿನಲ್ಲಿ ಸಿಕ್ಕಿತು. ಅದು ಸಿಕ್ಕಿತೆಂಬುದನ್ನೇ ನಾನು ಆ ನಿಯಮಕ್ಕೆ ಪ್ರಮಾಣವೆಂದು ಐವತ್ತು ವರ್ಷ ನಂಬಿಕೊಂಡು ಬಂದೆ.

ನಮ್ಮದು ಕ್ಯಾತನಹಳ್ಳಿಯ ಬೇಸಾಯದ ಮನೆತನ. ಆ ಮನೆಯಿಂದ ಪಾಠಶಾಲೆಗೆ ಹೋದವನು ನಾನೊಬ್ಬನೇ. ಪಾಂಡವಪುರದಲ್ಲಿ ಬಹುಕಾಲ ಸಂಸ್ಕೃತದ ಮೇಷ್ಟ್ರಾಗಿದ್ದು ನಿವೃತ್ತನಾದೆ. ನನಗೂ ನನ್ನ ಕಿರಿಯ ತಮ್ಮನಿಗೂ ಇಪ್ಪತ್ತೆರಡು ವರ್ಷಗಳ ಅಂತರ. ಅವನನ್ನು ಹೆತ್ತವಳು ನಮ್ಮ ತಾಯಿಯಾದರೂ ಎತ್ತಿ ಆಡಿಸಿದವನು ನಾನು. ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವುದರಲ್ಲಿ ಅವನ ಕೈ ಇಡೀ ತಾಲ್ಲೂಕಿಗೆ ಗೊತ್ತಿತ್ತು. ಎಂಟು ವರ್ಷಗಳ ಕೆಳಗೆ ಅವನು ಕುಳಿತಿದ್ದ ಟ್ರಾಕ್ಟರು ನಾಲೆಯ ಏರಿಯಿಂದ ಮಗುಚಿತು. ಕೈಗಳು ಉಳಿದವು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ.

ಮಲಗಿದಲ್ಲೇ ಇದ್ದವನಿಗೆ ಯಾರೋ ಬಂಧುಗಳು ಒಂದು ಕಂಪ್ಯೂಟರು ತಂದುಕೊಟ್ಟರು. ಮಂಚಕ್ಕೆ ಅಡ್ಡಲಾಗಿ ಹಲಗೆ ಹಾಕಿ ಅದನ್ನು ಕೂರಿಸಿದೆವು. ಕೆಲವೇ ತಿಂಗಳಲ್ಲಿ ಅವನು ಒಂದು ಆಟದೊಳಗೆ ಹೊಕ್ಕ. ಸಾವಿರಾರು ಜನರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಒಂದೇ ಲೋಕದಲ್ಲಿ ಒಬ್ಬೊಬ್ಬರು ಒಂದೊಂದು ವೇಷ ಧರಿಸಿ ಬಾಳುವ ಆಟವದು. ಅದನ್ನು ಕಾಲಹರಣವೆಂದು ನಾನು ಗದರಿದ್ದುಂಟು. ಆದರೆ ಒಂದು ದಿನ ಹಾಲು ಕೊಡಲು ಹೋದಾಗ ತೆರೆಯ ಮೇಲೆ ಕಂಡದ್ದು, ಗುರಾಣಿ ಹಿಡಿದ ಒಬ್ಬ ಎತ್ತರದ ಆಳು ಬೆಟ್ಟದ ಹಾದಿಯಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದುದು. ಯುದ್ಧವಿಲ್ಲ, ಓಟವಿಲ್ಲ. "ಇವನು ಎಲ್ಲಿಗೆ ಹೋಗುತ್ತಿದ್ದಾನೆ?" ಎಂದೆ.

"ಎಲ್ಲೂ ಇಲ್ಲ ಕಣಣ್ಣಯ್ಯ. ಸುಮ್ಕೆ ನಡೀತಾವ್ನಿ," ಎಂದ. ನಡೆಯುತ್ತಿದ್ದಾನೆ ಎನ್ನಲಿಲ್ಲ, ನಡೆಯುತ್ತಿದ್ದೇನೆ ಎಂದ. ಅಂದಿನಿಂದ ನಾನು ಗದರಲಿಲ್ಲ.

ಆ ಲೋಕದಲ್ಲಿ ಅವನಿಗೆ ಇಬ್ಬರು ಆಪ್ತರು. ಒಬ್ಬಳು ನಾಗಮಂಗಲದ ಕಡೆಯ ನರ್ಸಮ್ಮ. ಆಟದಲ್ಲಿಯೂ ಗಾಯ ಮಾಯಿಸುವ ಕೆಲಸವೇ ಅವಳದು. ಇನ್ನೊಬ್ಬ ಕೆ.ಆರ್. ಪೇಟೆಯಲ್ಲಿ ಬೇಕರಿ ಇಟ್ಟವನು. ನನ್ನ ತಮ್ಮ ಎಲ್ಲರಿಗಿಂತ ಮುಂದೆ ನಿಂತು ಪೆಟ್ಟು ತಿನ್ನುವವನು. ಮೂವರ ಮಾತು ಸಂಜೆಯ ಹೊತ್ತು ನಡುಮನೆಗೆ ಕೇಳಿಸುತ್ತಿತ್ತು.

"ಲೇ, ಅಲ್ಲೇನ್ ಬೇರು ಬುಟ್ಕೊಂಡು ನಿಂತಿದ್ದೀಯಲಾ? ಮುಂದಕ್ ಬಾ, ನನ್ ಸೊಂಟ ಮುರೀತಾವ್ನೆ!" ಎಂದು ಬೇಕರಿಯವನು ಕೂಗುವನು.

"ತಡ್ಕಳ್ಲಾ, ನೆಟ್ಟು ಕೈ ಕೊಡ್ತಾ ಅದೆ. ನಿಂಗೇನು, ಬನ್ನು ತಿಂದ್ ಬೆಳ್ದಿರೋ ಸೊಂಟ, ಅಷ್ಟ್ ಸುಲಭಕ್ಕೆ ಮುರಿಯಕಿಲ್ಲ."

"ಇಬ್ರೂ ಬಾಯ್ ಮುಚ್ಕೊಳ್ರಪ್ಪ, ನನ್ ಮದ್ದೆಲ್ಲ ಖಾಲಿ ಆಯ್ತಾ ಅದೆ," ಎನ್ನುವಳು ನರ್ಸಮ್ಮ.

ಅವರಿಗೆ ಆಸೆಗಳಿದ್ದವು. ಬೇಕರಿಯವನಿಗೆ ಆಟದ ಊರಿನಲ್ಲೊಂದು ಒಲೆ ಬೇಕಾಗಿತ್ತಂತೆ. ನರ್ಸಮ್ಮನಿಗೆ ಯಾರೂ ಬಂದು ಗಾಯ ತೋರಿಸದ ಒಂದು ಮರದ ನೆರಳು. ನನ್ನ ತಮ್ಮನಿಗೆ ಒಂದು ನಾಲೆ, ಅದರ ಏರಿಯ ಮೇಲೆ ನಡೆಯುವಷ್ಟು ಜಾಗ. ಆಟದ ಕಂಪನಿಯವರು ಪ್ರತಿ ಸಲ ಹೊಸತೇನನ್ನೋ ತರುತ್ತೇವೆಂದು ಸಾರುವರು. ತಂದಾಗ ಅದು ಹಣ ತೆತ್ತವರ ಕೈಗೆ ಇನ್ನೊಂದು ಕತ್ತಿಯಾಗಿರುವುದು. ಇವರು ಆರು ತಿಂಗಳ ತಾಳ್ಮೆಯಿಂದ ಪಡೆದುದನ್ನು ಅವರು ಒಂದೇ ಕ್ಷಣದಲ್ಲಿ ಪಡೆಯುವರು. ಕಾಳಗದ ನಡುವೆ ಸರ್ವರ್ ಬಿದ್ದು ಎಲ್ಲರೂ ಕಲ್ಲಾಗಿ ನಿಲ್ಲುವರು.

ಎಲ್ಲಕ್ಕಿಂತ ದೊಡ್ಡ ಉಪದ್ರವವೆಂದರೆ ಬಾಟುಗಳದು. ಮನುಷ್ಯರಂತೆ ಕಾಣುವ, ಆದರೆ ಯಾರೂ ಆಡಿಸದೆ ತಾವಾಗಿ ಓಡುವ ಬೊಂಬೆಗಳವು. ಕಾಡಿನ ಗಿಡಮೂಲಿಕೆಯನ್ನೆಲ್ಲ ಅವೇ ಕಿತ್ತು ಮಾರುತ್ತವೆ. ನಿಜವಾದ ಆಟಗಾರರಿಗೆ ಎಲೆಯೂ ದಕ್ಕದು. ಇದರ ವಿರುದ್ಧ ಕಂಪನಿಗೆ ಅರ್ಜಿ ಕಳಿಸಬೇಕೆಂದು ಮೂವರೂ ನಿಶ್ಚಯಿಸಿದರು. "ಅಣ್ಣಯ್ಯ, ಅರ್ಜಿ ಬರೆಯೋದ್ರಲ್ಲಿ ನಿಂದು ಎತ್ತಿದ ಕೈ. ಬರ್ಕೊಡು," ಎಂದ ತಮ್ಮ.

"ಬೊಂಬೆಯೆಂದು ಗುರುತಿಸುವುದು ಹೇಗೆ?" ಎಂದು ಕೇಳಿದೆ.

"ದಿನಾ ಒಂದೇ ಒತ್ಗೆ ಬತ್ತವೆ. ಒಂದೇ ದಾರೀಲಿ ಸುತ್ತತವೆ. ಮಾತಾಡ್ಸುದ್ರೆ ಮಾತಾಡಕಿಲ್ಲ. ಅಷ್ಟೇಯ."

ನಾನು ಅದನ್ನು ನನ್ನ ಅಭ್ಯಾಸದಂತೆ ಒಂದು ಲಕ್ಷಣವಾಕ್ಯವಾಗಿ ಕಟ್ಟಿದೆ: 'ಪ್ರತಿದಿನವೂ ಒಂದೇ ಸಮಯಕ್ಕೆ ಬಂದು, ಒಂದೇ ಹಾದಿಯಲ್ಲಿ ಎಡೆಬಿಡದೆ ಸುತ್ತುತ್ತ, ಮಾತನಾಡಿಸಿದರೂ ಉತ್ತರಿಸದವನನ್ನು ಮನುಷ್ಯನಲ್ಲವೆಂದು ತಿಳಿಯತಕ್ಕದ್ದು.' ನರ್ಸಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಲೋಕದ ನಾನಾ ಕಡೆಯ ಆಟಗಾರರು ಅದಕ್ಕೆ ತಮ್ಮ ಒಪ್ಪಿಗೆಯನ್ನು ಸೇರಿಸಿದರು. ಕೆಲವು ತಿಂಗಳ ಮೇಲೆ, ಇನ್ನು ಮುಂದೆ ಬಾಟುಗಳ ಮೇಲೆ ಕಟ್ಟುನಿಟ್ಟಿನ ಕಾವಲು ಇರುತ್ತದೆಂದು ಕಂಪನಿ ಸಾರಿತು. ಅವರ ಅಷ್ಟು ಅರ್ಜಿಗಳಲ್ಲಿ ಕೈಗೂಡಿದ್ದು ಅದೊಂದೇ. "ಗೆದ್ದೊ ಕಣ್ಲಾ!" ಎಂದು ಬೇಕರಿಯವನು ಕೂಗಿದ್ದು ಅಡುಗೆಮನೆಯವರೆಗೆ ಕೇಳಿಸಿತ್ತು. ನನ್ನ ವಾಕ್ಯದ ಬಿಗುವಿನ ಬಗ್ಗೆ ನನಗೂ ಒಳಗೊಳಗೇ ಸಂತೋಷವಿತ್ತೆಂಬುದನ್ನು ಮುಚ್ಚಿಡಲಾರೆ.

ಅದೇ ಬೇಸಿಗೆಯಲ್ಲಿ ತಮ್ಮನ ಬೆನ್ನಿನ ಹುಣ್ಣು ಉಲ್ಬಣಿಸಿತು. ಮಲಗಿದವರಿಗೆ ಆಗುವ ಹುಣ್ಣು, ಎಲುಬಿನವರೆಗೆ ಇಳಿದಿತ್ತು. ಮೈಸೂರಿಗೆ ಕರೆದೊಯ್ದು, ತೊಡೆಯ ಚರ್ಮ ತೆಗೆದು ಕಸಿ ಕಟ್ಟಬೇಕೆಂದರು. ಹೋಗುವ ದಿನ ಅವನ ಚಿಂತೆ ಆಟದ ಲೋಕದ ಮನೆಯದಾಗಿತ್ತು. ಅಲ್ಲಿ ಮೂವರೂ ಸೇರಿ ಕಟ್ಟಿದ ಮನೆ ಅವನ ಹೆಸರಿನಲ್ಲಿತ್ತು. ಯಜಮಾನ ಒಂದು ತಿಂಗಳು ಕಾಲಿಡದಿದ್ದರೆ ಅದು ಕೆಡವಲ್ಪಟ್ಟು ನಿವೇಶನ ಬೇರೆಯವರ ಪಾಲಾಗುತ್ತದಂತೆ.

"ವಾರಕ್ಕೊಂದ್ಸಲ ಒಳೀಕೋಗಿ ಈಚೀಕ್ ಬಂದ್ಬುಡಣ್ಣಯ್ಯ. ಬ್ಯಾರೆ ಏನೂ ಮುಟ್ಬ್ಯಾಡ. ನಿನ್ ಕೈ ಮುಗೀತೀನಿ," ಎಂದು, ಯಾವ ಗುಂಡಿ ಒತ್ತಿದರೆ ಕಾಲು ಮುಂದಕ್ಕೆ, ಯಾವುದು ಬಲಕ್ಕೆ ಎಂದು ಎರಡು ಸಲ ತೋರಿಸಿಕೊಟ್ಟ.

ವಾರಕ್ಕೊಮ್ಮೆ ಎಂದು ಅವನು ಹೇಳಿದ್ದ. ಅಷ್ಟನ್ನೇ ಮಾಡಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ.

ನಾನು ಮೊದಲ ದಿನ ಒಳಗೆ ಹೋದಾಗ ಆ ಊರಿನ ನಡುವೆ ಒಂದು ಮಹಾವೃಕ್ಷವನ್ನು ಕಂಡೆ. ಬುಡಕ್ಕೆ ಕಲ್ಲಿನ ಕಟ್ಟೆ. ಯಾವ ದೇಶದವರು ಬರೆದ ಚಿತ್ರವೋ, ನನ್ನ ಕಣ್ಣಿಗೆ ಅಶ್ವತ್ಥವೇ. ತಮ್ಮನ ಗಾಯ ಮಾಯಲೆಂದು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ನಿತ್ಯ ನೂರೆಂಟು ಪ್ರದಕ್ಷಿಣೆಯ ಹರಕೆಯನ್ನು ಹಿಂದಿನ ರಾತ್ರಿಯಷ್ಟೇ ಮನಸ್ಸಿನಲ್ಲಿ ಹೊತ್ತಿದ್ದೆ. ಆದರೆ ನನ್ನ ಮಂಡಿಗಳು ಊರ ಅರಳಿಕಟ್ಟೆಯ ಹತ್ತು ಸುತ್ತಿಗೇ ಸೋಲುತ್ತವೆ. ಇಲ್ಲಿ ನೋಡಿದರೆ ಯಾರಿಗಾಗಿ ಹರಕೆಯೋ ಅವನದೇ ಕಾಲುಗಳು, ಗಟ್ಟಿಯಾಗಿ, ನನ್ನ ಬೆರಳಿನ ಅಪ್ಪಣೆಗೆ ಕಾದಿದ್ದವು. ಪರರು ಸಲ್ಲಿಸುವ ಹರಕೆಗಿಂತ ತನ್ನ ಕಾಲಿನಲ್ಲಿ ತಾನೇ ಸಲ್ಲಿಸುವುದು ಮೇಲಲ್ಲವೇ? ಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ, ಅಂತಃಕರಣದಲ್ಲಿತ್ತು.

ಅಂದಿನಿಂದ ಮುಂಜಾನೆ ಆರಕ್ಕೆ ಸ್ನಾನ ಮುಗಿಸಿ, ಹಣೆಗೆ ಇಟ್ಟುಕೊಂಡು, ಎಡಗೈಯಲ್ಲಿ ಜಪಮಾಲೆ ಹಿಡಿದು, ಬಲಗೈಯಿಂದ ತಮ್ಮನನ್ನು ನಡೆಸತೊಡಗಿದೆ. ಮರ ಸದಾ ಅವನ ಬಲಕ್ಕಿರುವಂತೆ, ಕಟ್ಟೆಗೆ ಕಾಲು ತಗಲದಂತೆ, ಓಡದೆ, ನಡೆಯುತ್ತ. ದಾರಿಯಲ್ಲಿ ಹೋಗುವವರು ಏನಾದರೂ ಬರೆದು ಮಾತನಾಡಿಸುವರು, ನಾನು ಮೌನ. ಮೊದಲ ವಾರ ಬೆರಳು ತಪ್ಪುತ್ತಿತ್ತು. ಮೂರನೆಯ ವಾರಕ್ಕೆ ಒಂದು ಹೆಜ್ಜೆಯೂ ಆಚೀಚೆಯಾಗದಷ್ಟು ಪಳಗಿದೆ. ಮೈಸೂರಿನಿಂದ ಸುದ್ದಿಯೂ ಒಳ್ಳೆಯದೇ ಬರುತ್ತಿತ್ತು. ಕಸಿ ಹಿಡಿದಿದೆ ಎಂದರು. ನನ್ನ ನಂಬಿಕೆ ಬಲಿಯಿತು.

ಮೂವತ್ತೊಂದನೆಯ ದಿನ ಬಿಳಿಯ ನಿಲುವಂಗಿಯ ಒಬ್ಬನು ಬಂದ. ಅವನ ತಲೆಯ ಮೇಲಿನ ಅಕ್ಷರಗಳು ಬಂಗಾರದ ಬಣ್ಣದವು. ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು: ನೀವು ಅಲ್ಲಿರುವಿರಾ? ನಾನು ಅದನ್ನು ಓದಿದೆ. ಓದಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅವನು ನನ್ನೊಡನೆ ಒಂದು ಸುತ್ತು ಬಂದ. ಯಾರೋ ಸಾತ್ವಿಕನೆಂದುಕೊಂಡೆ. ಇನ್ನೊಂದು ಸಾಲು ಬಂತು: ದಯವಿಟ್ಟು ಉತ್ತರಿಸಿ. ಮಣಿ ತೊಂಬತ್ತು ದಾಟಿತ್ತು. ಮುಗಿದ ಮೇಲೆ ಬರೆಯಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸುತ್ತಿದ್ದೆ: ಕ್ಷಮಿಸಬೇಕು, ನಾನು ಮೌನದಲ್ಲಿದ್ದೆ. ಅವನು ಹಾದಿಗೆ ಅಡ್ಡ ನಿಂತ. ನಾನು ಅವನನ್ನು ಬಳಸಿಕೊಂಡು ನಡೆದೆ. ತೊಂಬತ್ತೇಳನೆಯ ಮಣಿ ಬೆರಳಿನಲ್ಲಿದ್ದಾಗ ತೆರೆ ಕಪ್ಪಾಯಿತು. ಹನ್ನೊಂದು ಸುತ್ತು ಉಳಿದಿತ್ತು.

ಕರೆಂಟು ಹೋಯಿತೆಂದುಕೊಂಡು ಫ್ಯಾನಿನ ಕಡೆ ನೋಡಿದೆ. ಅದು ತಿರುಗುತ್ತಿತ್ತು.

ನರ್ಸಮ್ಮನಿಗೆ ಫೋನು ಮಾಡಿದೆ. ನಡೆದುದನ್ನೆಲ್ಲ ಹೇಳಿದೆ. "ಮೇಷ್ಟ್ರೇ, ನೀವು ಅಲ್ಲೇ ಇದ್ರಾ? ನೋಡ್ತಾ ಇದ್ರಾ?" ಎಂದಳು.

"ಇದ್ದೆ ತಾಯಿ."

"ಒಂದಕ್ಸರ ಒತ್ಬುಟ್ಟಿದ್ರೆ ಸಾಕಾಗಿತ್ತಲ್ಲ. ಐಡಿ ಬ್ಯಾನ್ ಮಾಡ್ಬುಟ್ಟವ್ರೆ. ಆ ಬಿಳೀ ಅಂಗಿಯವ್ನು ಕಂಪ್ನಿ ಕಾವಲ್ನೋನು, ನಿಮ್ಮುನ್ನ ಬಾಟು ಅನ್ಕೊಂಡವ್ನೆ."

ಅವಳೇ ಮೊದಲ ಮನವಿ ಕಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಪರಿಶೀಲಿಸಲಾಗಿದೆ, ನಿರ್ಧಾರ ಬದಲಾಗದು. ಎರಡನೆಯದನ್ನು ನಾನು ಬರೆದೆ. ಪ್ರದಕ್ಷಿಣೆಯೆಂದರೇನು, ಮೌನವೇಕೆ, ನನ್ನ ವಯಸ್ಸೇನು, ತಮ್ಮನ ಸ್ಥಿತಿಯೇನು, ಎಲ್ಲವನ್ನೂ ವಿನಯದಿಂದ ವಿವರಿಸಿ, ತಪ್ಪು ನನ್ನದು, ಅವನದಲ್ಲ ಎಂದೆ. ಅದೇ ಉತ್ತರ, ಅಕ್ಷರ ವ್ಯತ್ಯಾಸವಿಲ್ಲದೆ, ಅಷ್ಟೇ ವೇಗದಲ್ಲಿ ಬಂತು. ಮೂರನೆಯದಕ್ಕೂ ಅದೇ. ಆ ಕಂಪ್ಯೂಟರಿನಿಂದ ಹೊಸ ಹೆಸರಿನಲ್ಲಿ ಖಾತೆ ತೆರೆಯಲೂ ಸಾಧ್ಯವಿಲ್ಲವೆಂಬುದು ಆಮೇಲೆ ತಿಳಿಯಿತು. ಅಲ್ಲಿ ಯಾರ ಬಾಗಿಲು ತಟ್ಟಬೇಕು? ಅಮಲ್ದಾರನಾದರೆ ಕಚೇರಿಯ ಮುಂದೆ ಕಾಯಬಹುದು. ದೇವರಾದರೆ ಗರ್ಭಗುಡಿಯ ಮುಂದೆ ನಿಲ್ಲಬಹುದು. ಬೇಕರಿಯವನು ಆಟದಲ್ಲಿ ಅದೇ ಮರದ ಕೆಳಗೆ ನಾಲ್ಕು ದಿನ ಆ ಬಿಳಿಯ ನಿಲುವಂಗಿಯವನಿಗಾಗಿ ಕಾದ. ಅವನು ಮತ್ತೆ ಬರಲಿಲ್ಲ.

ಆಸ್ಪತ್ರೆಯಲ್ಲಿದ್ದ ತಮ್ಮನಿಗೆ ಹೇಳಬೇಡಿರೆಂದು ನಾನೇ ಆ ಗೆಳೆಯರಿಬ್ಬರನ್ನು ಬೇಡಿಕೊಂಡೆ. ನಲವತ್ತನೆಯ ದಿನ ಆಂಬುಲೆನ್ಸು ಮನೆಯ ಮುಂದೆ ನಿಂತಿತು. ಗಾಯ ಮಾಗಿತ್ತು. ಮಂಚಕ್ಕೆ ಬಂದವನು ನೀರು ಕೇಳುವ ಮೊದಲು ಕಂಪ್ಯೂಟರಿನ ಕಡೆ ಕೈ ಚಾಚಿದ. ಆ ಕೈಯನ್ನು ಹಿಡಿದುಕೊಂಡು ಹೇಳಿದೆ. ಮರ, ಮಣಿ, ಬಿಳಿಯ ಬಟ್ಟೆಯವನು, ಮೂರು ಮನವಿಗಳು.

ಅವನು ಮೊದಲು ನಕ್ಕ. "ಅಣ್ಣಯ್ಯ, ಬಾಟು ಇಡಿಯಕ್ಕೆ ನೀನೇ ಬಲೆ ನೇಯ್ದುಕೊಟ್ಟು ನೀನೇ ಒಳಗ್ ಬಿದ್ಯಲ್ಲೋ," ಎಂದ. ಆ ನಗು ಬೇಗ ನಿಂತಿತು. ಗೋಡೆಯ ಕಡೆ ಮುಖ ತಿರುಗಿಸಿದ. ಮಲಗಿದ ಮನುಷ್ಯನಿಗೆ ಕೋಪ ಬಂದರೆ ಎದ್ದು ಹೋಗಲೂ ಆಗದು. ಅಷ್ಟೇ ಅವನು ಮಾಡಬಹುದಾಗಿದ್ದುದು. ಗೋಡೆಗೆ ಮುಖ ಮಾಡಿಕೊಂಡೇ ಕೇಳಿದ:

"ಕೊನೇಲಿ ನನ್ ಕಾಲಲ್ಲಿ ನಡ್ದೋನು ನೀನೇಯ. ಎಂಗ್ ನಡೀತಿದ್ದೆ?"

ಜಾರಿದ್ದ ಹೊದಿಕೆಯನ್ನು ಅವನ ಪಾದಗಳ ಮೇಲೆ ಎಳೆದೆ.

ತೆರೆ ಕಪ್ಪಾಗಿ ಒಂದು ತಿಂಗಳು ತುಂಬಿದ ದಿನ ಆಟದ ಆ ಮನೆಯೂ ಹೋಯಿತು. ನರ್ಸಮ್ಮ ವಿಡಿಯೋ ಕರೆಯಲ್ಲಿ ತೋರಿಸಿದಳಂತೆ, ನಾನು ನೋಡಲಿಲ್ಲ. ಈಗಲೂ ಸಂಜೆ ತಮ್ಮ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಫೋನಿನಲ್ಲಿ ಅವರಿಬ್ಬರ ಆಟವನ್ನು ಕೇಳಿಸಿಕೊಳ್ಳುತ್ತಾನೆ. "ಎಡಕ್ ಸರಿಯಲಾ, ಎಡಕ್ಕೆ," ಎನ್ನುತ್ತಾನೆ. ಮೊದಲಿನಷ್ಟು ಬೈಯುವುದಿಲ್ಲ.

ಹರಕೆ ಅರ್ಧಕ್ಕೆ ನಿಲ್ಲಬಾರದೆಂದು ಉಳಿದ ಸುತ್ತುಗಳನ್ನು ನಾನು ಊರ ಅರಳಿಕಟ್ಟೆಯಲ್ಲಿ ಹಾಕುತ್ತಿದ್ದೇನೆ. ದಿನಕ್ಕೆ ಏಳೋ ಎಂಟೋ. ಮೊನ್ನೆ ಡೈರಿಗೆ ಹಾಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಮೇಷ್ಟ್ರೇ, ಕಾಲ್ ನೋಯಕಿಲ್ವಾ?" ಎಂದು ಕೇಳಿದಳು. ನಾನು ನಿಂತೆ. "ನೋಯುತ್ತದಮ್ಮಾ," ಎಂದೆ. ಅವಳು ಹೋದ ಮೇಲೆ ಎಷ್ಟನೆಯ ಸುತ್ತೆಂಬುದು ನೆನಪಾಗಲಿಲ್ಲ. ಮತ್ತೆ ಒಂದರಿಂದ ಎಣಿಸತೊಡಗಿದೆ.