ಎಚ್ಚರವಿದ್ದವಳಿಗೆ ಯಾವ ಪರಿಹಾರ?

"ಡಾಕ್ಟ್ರೇ, ನಿಮ್ಮ ಮಗಳ ಮೆಹಂದಿ ಊಟಕ್ಕೆ ಮರುವಾಯಿ ಸುಕ್ಕ ಉಂಟಾ, ಇಲ್ಲ ಬೇಡ ಅಂತ ಆಯ್ತಾ?"

ಆಪರೇಷನ್ ಆದ ಮರುದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಸರ್ಜನ್‌ರನ್ನು ಪ್ರಮೀಳಕ್ಕ ಕೇಳಿದ್ದು ಇಷ್ಟೇ. ಗಂಜಿಯ ಟಿಫಿನ್ ಬಿಚ್ಚುತ್ತಿದ್ದ ನಾನು ತಲೆಯೆತ್ತಿ ನೋಡಿದೆ. ಡಾಕ್ಟರು ನಕ್ಕರು. ನಗು ಅರ್ಧಕ್ಕೇ ನಿಂತಿತು.

"ನಿಮಗೆ ಯಾರು ಹೇಳಿದ್ದು?"

"ನೀವೇ. ನಿನ್ನೆ. ನನ್ನ ಹೊಟ್ಟೆಗೆ ತೂತು ಮಾಡ್ತಾ ಇರುವಾಗ."

ಅವರು ಕೇಸ್ ಶೀಟನ್ನು ಮಂಚದ ಮೇಲೇ ಬಿಟ್ಟು ಹೊರಟುಹೋದರು. ಅವರ ಹಿಂದೆಯೇ ಓಡಿದ ಸಿಸ್ಟರ್, ಮತ್ತೆ ಬಂದು ಅದನ್ನು ತೆಗೆದುಕೊಂಡು ಹೋದಳು.

ಪ್ರಮೀಳಕ್ಕ ನನ್ನ ದೊಡ್ಡಮ್ಮನ ಮಗಳು. ಮನೆ ಮಡಂತ್ಯಾರು. ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮೈದಾನದ ಆಚೆ ತುದಿಯ ಹುಡುಗನನ್ನು ವಿಸಲ್ ಇಲ್ಲದೆ ನಿಲ್ಲಿಸುವ ಸ್ವರ. ಅಂಥವಳು ಆ ದಿನ ನನ್ನ ಕೈ ಹಿಡಿದು, ಪಕ್ಕದ ಬೆಡ್ಡಿನವರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು: "ನಾನು ಎಚ್ಚರ ಇದ್ದೆ ಮಾರಾಯ್ತಿ. ಸುರುವಿನಿಂದ ಅಲ್ಲ. ನಡುವೆ ಎಚ್ಚರ ಆಯ್ತು. ಮತ್ತೆ ನಿದ್ದೆ ಬರಲೇ ಇಲ್ಲ." (ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ.)

ಪಿತ್ತಕೋಶದಲ್ಲಿ ಕಲ್ಲು. ಈಗ ದಿನಬೆಳಗಾದರೆ ಮಾಡುವ ಆಪರೇಷನ್ ಅದು. ಆಸ್ಪತ್ರೆ ಯಾವುದು ಅಂತ ಕೇಳಬೇಡಿ, ನಮ್ಮ ಸುತ್ತಮುತ್ತಲಿನ ತಾಲೂಕುಗಳೊಳಗಿನದೇ. ಮೂಗಿಗೆ ಮಾಸ್ಕ್ ಇಟ್ಟರು, ನಿದ್ದೆ ಬಂತು, ಅಷ್ಟೂ ಸರಿಯಾಗಿಯೇ ಆಗಿದೆ. ಆಮೇಲೆ ಕತ್ತಲೊಳಗೆ ಮಾತು ಕೇಳತೊಡಗಿತಂತೆ. ಮೆಹಂದಿ ಊಟ, ಬಡಿಸುವವರು, ಮರುವಾಯಿ ಎಂಬ ಚಿಪ್ಪುಮೀನು ಸಿಗುವ ಸೀಸನ್. ವಾರ್ಡಿಗೆ ತಂದಿದ್ದಾರೆ ಅಂದುಕೊಂಡಳು. ಕಣ್ಣು ಬಿಡಲು ನೋಡಿದಳು, ಆಗಲಿಲ್ಲ. ಅಷ್ಟರಲ್ಲಿ ನೋವು ಬಂತು.

"ಹೇಗೆ ಹೇಳುವುದು? ಚೀಲದೊಳಗೆ ಕೈ ಹಾಕಿ ಯಾರೋ ಕೀ ಹುಡುಕಿದ ಹಾಗೆ. ಚೀಲ ನಾನು."

ಕಿರುಚಿದಳು. ಸ್ವರವಿಲ್ಲ. ಕಾಲು ಎಳೆದುಕೊಳ್ಳಲು ನೋಡಿದಳು. ಕಾಲು ಅವಳದ್ದಲ್ಲ. ಒಂದು ಬೆರಳು ಅಲ್ಲಾಡಿಸಿದರೆ ಸಾಕು, ಯಾರಾದರೂ ನೋಡುತ್ತಾರೆ ಅಂತ ಇಡೀ ಜೀವವನ್ನು ಆ ಬೆರಳಿಗೆ ತಂದಳಂತೆ. ಬೆರಳು ಅಲುಗಲಿಲ್ಲ. ಉಸಿರನ್ನು ಕೂಡ ಮೆಷಿನ್ನೇ ಎಳೆದು ಬಿಡುತ್ತಿತ್ತು.

ಆಗ ಒಂದು ಹೆಣ್ಣು ಸ್ವರ ಕೇಳಿತು. "ಸರ್, ಇವರ ಕಣ್ಣಲ್ಲಿ ನೀರು ಬರ್ತಾ ಉಂಟು."

ಗಂಡು ಸ್ವರ. "ಅದು ಹಾಗೆ ಬರ್ತದೆ. ಟೇಪ್ ಸರಿ ಹಾಕು."

ತಣ್ಣಗಿನ ಒಂದು ಕೈ ಅವಳ ಕಣ್ಣು ಒರೆಸಿ, ರೆಪ್ಪೆಯ ಮೇಲೆ ಹೊಸ ಟೇಪ್ ಅಂಟಿಸಿತು.

ಡಿಸ್ಚಾರ್ಜಿಗೆ ಮೊದಲು ಆಸ್ಪತ್ರೆಯವರು ಹೇಳಿದ್ದು ಒಂದೇ ಮಾತು, ಕನಸು. ಅರಿವಳಿಕೆಯಲ್ಲಿ ಕೆಲವರಿಗೆ ಹಾಗೆ ಬೀಳುತ್ತದಂತೆ. ಅವಳ ಗಂಡ ಜಯಕರ ಭಾವನೂ ಅದನ್ನೇ ಹಿಡಿದುಕೊಂಡರು. "ಕಲ್ಲು ಹೋಯ್ತಲ್ಲ, ಇನ್ನು ಅದನ್ನು ಬಿಡುವ."

ಬಿಡುವುದು ಹೇಗೆ? ಪ್ರಮೀಳಕ್ಕ ಮಂಚದಲ್ಲಿ ಅಂಗಾತ ಮಲಗುವುದನ್ನು ನಿಲ್ಲಿಸಿದಳು. ಕುರ್ಚಿಯಲ್ಲಿ ಕೂತೇ ನಿದ್ದೆ. ಹೊದಿಕೆ ಮುಖದ ಹತ್ತಿರ ಬರಬಾರದು. ಶಾಲೆಯಲ್ಲಿ ಒಂದು ಹುಡುಗಿ ಬಿದ್ದು ಮೊಣಕಾಲು ತರಚಿಕೊಂಡಾಗ ಬ್ಯಾಂಡೇಜಿನ ಟೇಪ್ ಹರಿದ ಚರ್ ಎಂಬ ಶಬ್ದ ಕೇಳಿ, ಪಿ.ಟಿ. ಟೀಚರ್ ಮೈದಾನದ ನಡುವೆ ಕಲ್ಲಿನಂತೆ ನಿಂತುಬಿಟ್ಟಳಂತೆ. ಕಣ್ಣು ತೆರೆದೇ ಇತ್ತು. ಕರೆದರೆ ಓಗೊಡಲಿಲ್ಲ. ಮಕ್ಕಳು ಹೆದರಿ ಅಳತೊಡಗಿದರು.

ಆ ಮೇಲೆಯೇ ನಾವಿಬ್ಬರು ಬಂಟ್ವಾಳದ ಒಬ್ಬ ವಕೀಲರ ಹತ್ತಿರ ಹೋದದ್ದು. ಅವರು ಪೂರ್ತಿ ಕೇಳಿದರು. ಕನ್ನಡಕ ತೆಗೆದರು.

"ಟೀಚರೇ, ಕೈ ಹೋದರೆ, ಕಣ್ಣು ಹೋದರೆ ಪರಿಹಾರಕ್ಕೆ ಒಂದು ಲೆಕ್ಕ ಉಂಟು. ನಿಮಗೆ ಹೋದದ್ದು ಏನು ಅಂತ ಬರೆಯಲಿ?"

"ನಿದ್ದೆ ಅಂತ ಬರೀರಿ."

ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾದರೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಗಾಯ ಕಾಣಲೇಬೇಕೆಂದೇನೂ ಇಲ್ಲ, ಮಾನಸಿಕ ಯಾತನೆಗೂ ಪರಿಹಾರವಿದೆ. (ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಫ್ರಿಡ್ಜ್ ಕೆಟ್ಟರೆ ಮಾತ್ರ ನಾವು ಗ್ರಾಹಕರು!) ಆದರೆ ಸಾಬೀತು ಮಾಡಬೇಕು. ಆಸ್ಪತ್ರೆ ಕೊಟ್ಟ ದಾಖಲೆಯಲ್ಲಿ ಎಲ್ಲವೂ ಚೆಂದವಾಗಿಯೇ ಇತ್ತು. ಮೆಹಂದಿ ಊಟದ ಮಾತು? ಹೊರಗೆ ಯಾರಿಂದಲೋ ಕೇಳಿರಬಹುದು ಎಂದು ಅವರ ಉತ್ತರ.

"ಒಳಗಿದ್ದವರು ಒಬ್ಬರು ಬೇಕು," ಎಂದರು ವಕೀಲರು. "ಆ ನರ್ಸ್ ಯಾರು?"

ಪ್ರಮೀಳಕ್ಕನಿಗೆ ಹೆಸರು ಗೊತ್ತಿಲ್ಲ. ಮುಖ ನೋಡಿಲ್ಲ. ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಆಗ ಇದ್ದವರು ಬಿಟ್ಟುಹೋಗಿದ್ದಾರೆ ಎಂದರು. ಅವಳ ಬಳಿ ಇದ್ದದ್ದು ಒಂದು ಸ್ವರ ಮಾತ್ರ.

ಮಳೆಗಾಲ ಸುರುವಾಗುವ ಮೊದಲು ಮಡಂತ್ಯಾರಿನ ಚಪ್ಪಲಿ ಅಂಗಡಿಗೆ ಹೋಗಿದ್ದೆವು. ಸ್ಟೂಲಿನ ಮೇಲೆ ಕೂತು ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿ ನೋಡುತ್ತಿದ್ದಳು. ನಮ್ಮ ಹಿಂದೆ ಯಾರೋ ಅಂಗಡಿಯವನನ್ನು ಕೇಳಿದರು: "ಇದರಲ್ಲೇ ಒಂದು ಸೈಜ್ ಸಣ್ಣದು ಉಂಟಾ?"

ಪ್ರಮೀಳಕ್ಕನ ಕೈ ಚಪ್ಪಲಿಯ ಮೇಲೆಯೇ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿದಳು.

"ಏನಾಯ್ತಕ್ಕ?"

"ಸುಮ್ಮನಿರು. ಅವಳು ಇನ್ನೊಂದು ಸಲ ಮಾತಾಡಲಿ."

ಹಿಂದಿನ ಸ್ವರ ಬಣ್ಣ ಕೇಳಿತು. ರೇಟು ಕೇಳಿತು. ಮಧ್ಯಾಹ್ನದ ಬಿಸಿಲು, ಹೈವೇಯಲ್ಲಿ ಬಸ್ಸುಗಳ ಹಾರ್ನ್, ಅಂಗಡಿ ತುಂಬ ರಬ್ಬರಿನ ವಾಸನೆ. ಅದರ ನಡುವೆ ಕಣ್ಣು ಮುಚ್ಚಿ ಕೂತ ಇವಳ ಕೈಯ ರೋಮ ನಿಮಿರುವುದು ನನಗೆ ಕಾಣುತ್ತಿತ್ತು. ಮೆಲ್ಲಗೆ ಎದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು.

"ಸಿಸ್ಟರ್," ಅಂದಳು.

ಮೂವತ್ತರ ಆಸುಪಾಸಿನ ಹೆಂಗಸು. ಕತ್ತಿನಲ್ಲಿ ಸಣ್ಣ ಶಿಲುಬೆಯ ಸರ. "ಹೌದು. ನೀವು ಯಾರು? ನನಗೆ ಗುರ್ತ ಆಗಲಿಲ್ಲ."

"ನನಗೂ ನಿಮ್ಮ ಗುರ್ತ ಇಲ್ಲ. ಸ್ವರ ಗೊತ್ತುಂಟು. ನನ್ನ ಕಣ್ಣಲ್ಲಿ ನೀರು ಬರ್ತದೆ ಅಂತ ಸರ್‌ಗೆ ಹೇಳಿದ್ದು ನೀವು."

ಆ ಹೆಂಗಸಿನ ಮುಖದ ರಕ್ತವೇ ಇಳಿದುಹೋಯಿತು. ಬಾಯಿಂದ ಬಂದದ್ದು ಎರಡೇ ಪದ.

"ನಿಮಗೆ ಕೇಳಿತ್ತಾ?"

ಹೆಸರು ಲವೀನಾ. ಆ ಆಸ್ಪತ್ರೆ ಬಿಟ್ಟು ಈಗ ಮೂಡುಬಿದಿರೆಯ ಕಡೆ ಕೆಲಸ. ಅಂಗಡಿಯ ಹೊರಗೆ ನೆರಳಿನಲ್ಲಿ ನಿಂತು ಎಲ್ಲ ಹೇಳಿದಳು. ಅರಿವಳಿಕೆ ಕೊಡುವ ಡಾಕ್ಟರು ಫೋನ್ ಬಂತೆಂದು ಹೊರಗೆ ಹೋಗಿದ್ದರು. ಕಣ್ಣೀರು ಕಂಡು ತಾನು ಹೇಳಿದ್ದು ಸರ್ಜನ್‌ಗೆ. ಅರಿವಳಿಕೆಯವರು ವಾಪಸು ಬಂದು ಮೆಷಿನ್ ನೋಡಿದರೆ, ನಿದ್ದೆಯಲ್ಲಿಡುವ ಔಷಧ ಖಾಲಿ. ಕೈಕಾಲು ಅಲುಗದಂತೆ ಕೊಟ್ಟಿದ್ದ ಔಷಧ ಮಾತ್ರ ಇಳಿದಿರಲಿಲ್ಲ. ಅಷ್ಟರಲ್ಲಿ ಹೊಲಿಗೆ ಹಾಕಿ ಆಗಿತ್ತು.

"ಸಾಕ್ಷಿ ಹೇಳ್ತೀರಾ?"

"ನನಗೆ ಯಾರು ಕೆಲಸ ಕೊಡ್ತಾರೆ ಮತ್ತೆ?" ಲವೀನಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಸ್ ಹತ್ತಿದಳು. ಅವಳ ಮಾತು ಸುಳ್ಳಲ್ಲ. ಆದರೆ ಪ್ರಮೀಳಕ್ಕನ ನಂಬರು ತೆಗೆದುಕೊಂಡಿದ್ದಳು. ಕೆಲವು ವಾರಗಳ ಮೇಲೆ ಅವಳೇ ಫೋನ್ ಮಾಡಿದಳು.

"ಬರ್ತೇನೆ ಟೀಚರೇ. ಟೇಪ್ ಹಾಕಿದ್ದು ನನ್ನ ಕೈ ಅಲ್ವಾ?"

ಆಯೋಗದಲ್ಲಿ ಆಸ್ಪತ್ರೆಯ ವಕೀಲರು ತಣ್ಣಗೆ ವಾದಿಸಿದರು. ಕಲ್ಲು ಹೋಗಿದೆ. ಗಾಯ ಮಾಗಿದೆ. ಕೆಲಸವಿದೆ, ಸಂಬಳ ಬರುತ್ತಿದೆ. ನಷ್ಟವೆಲ್ಲಿ? ಆದರೆ ಲವೀನಾಳ ಹೇಳಿಕೆ ಇತ್ತು. ಬೇರೆ ಜಿಲ್ಲೆಯ ನಿವೃತ್ತ ಅರಿವಳಿಕೆ ತಜ್ಞರೊಬ್ಬರು, ಕಣ್ಣೀರು ಕಂಡ ಕೂಡಲೇ ಮೆಷಿನ್ ನೋಡಬೇಕಿತ್ತು, ಹತ್ತಿರ ತಜ್ಞರು ಇರಲೇಬೇಕಿತ್ತು ಎಂದು ಬರೆದುಕೊಟ್ಟಿದ್ದರು. (ಡಾಕ್ಟರ ವಿರುದ್ಧ ಡಾಕ್ಟರು ಬರೆಯುವುದು ಎಷ್ಟು ಕಷ್ಟ ಗೊತ್ತಾ? ನಾಲ್ಕು ಮಂದಿ ಚಹಾ ಕೊಟ್ಟು ಕಳಿಸಿದ ಮೇಲೆ ಇವರು ಸಿಕ್ಕಿದ್ದು.) ಕೊನೆಗೆ ಅಧ್ಯಕ್ಷರು ನೇರವಾಗಿ ಅವಳನ್ನೇ ಕೇಳಿದರು, ಏನಮ್ಮ ನಿಮ್ಮ ಬೇಡಿಕೆ?

"ಅದು ಕನಸಲ್ಲ ಅಂತ ಬರೆದು ಕೊಡಿ ಸರ್. ಉಳಿದದ್ದು ನಿಮಗೆ ತೋರಿದ ಹಾಗೆ."

ಕೊಟ್ಟರು. ಪರಿಹಾರ ಕೊಡಬೇಕೆಂದು ಆದೇಶವಾಯಿತು. ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ನಾನು ಹೇಳುವುದಿಲ್ಲ. ಅದು ಬಂದ ದಿನವೂ ಪ್ರಮೀಳಕ್ಕ ಕುರ್ಚಿಯಲ್ಲೇ ಮಲಗಿದ್ದಳು. ಈಗೀಗ ಒಂದು ಮಗ್ಗುಲಾಗಿ ಮಂಚದಲ್ಲಿ ಮಲಗುತ್ತಾಳೆ, ದೀಪ ಹಾಕಿಕೊಂಡು. ಜಯಕರ ಭಾವ ದೀಪದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಲವೀನಾ ಕೆಲಸದಲ್ಲೇ ಇದ್ದಾಳೆ. ಒಳ್ಳೆಯ ಡಾಕ್ಟರುಗಳೂ ನಮ್ಮೂರಿನಲ್ಲಿದ್ದಾರೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸುದ್ದಿ ಹಬ್ಬಿದ ಮೇಲೆ ಅವಳ ಮನೆಗೆ ಜನ ಬರತೊಡಗಿದರು. ಶಿರ್ತಾಡಿಯಿಂದ ಒಬ್ಬರು ಅಜ್ಜ ಬಂದು, ಜಗಲಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು ಹೇಳಿದರಂತೆ: "ಟೀಚರೇ, ನನಗೂ ಕೇಳಿತ್ತು." ಕಲ್ಲಡ್ಕದಿಂದ ಒಬ್ಬಳು ಸೊಸೆ ಬಂದಳು. ಅತ್ತೆ ಹೊರಗೆ ಹೋಗುವವರೆಗೆ ಕಾದು ಅದನ್ನೇ ಹೇಳಿದಳು. ಇವರಲ್ಲಿ ಯಾರೂ ಅದುವರೆಗೆ ಯಾರಿಗೂ ಹೇಳಿದವರಲ್ಲ. ಕೇಸು ಹಾಕಲಿಕ್ಕೆ ಬಂದವರೂ ಅಲ್ಲ.

ಕಳೆದ ಭಾನುವಾರ ಇದನ್ನೆಲ್ಲ ನಮ್ಮ ಮನೆಯಲ್ಲಿ ಕೂತು ಪ್ರಮೀಳಕ್ಕ ಹೇಳುತ್ತಿದ್ದಳು. ಬಸಳೆ ಸೋಸುತ್ತಿದ್ದ ನನ್ನ ಅಮ್ಮ ಕೈ ನಿಲ್ಲಿಸಿದರು.

"ಇವಳನ್ನು ಹೊಟ್ಟೆ ಕೊಯ್ದು ತೆಗೆದದ್ದಲ್ವಾ," ನನ್ನ ಕಡೆ ಕೈ ತೋರಿಸಿ, ಮುಖ ನೋಡದೆ ಅಂದರು. "ಇವಳು ಅಳುವುದಕ್ಕೆ ಮೊದಲು ಡಾಕ್ಟ್ರು ಏನೇನು ಹೇಳಿದ್ರು, ಎಲ್ಲ ನನಗೆ ಗೊತ್ತುಂಟು."

ನನಗೆ ನಲವತ್ತು ದಾಟಿದೆ.

"ಅಮ್ಮ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಅಮ್ಮ ಮತ್ತೆ ಬಸಳೆಗೆ ಕೈ ಹಾಕಿದರು.

"ಯಾರು ಕೇಳಿದ್ರು?"